ಕೆಂಪಾಗದೆ ಉಳಿದ ಸಾಲು

ಓದುವವರು ಒಬ್ಬರು, ನೋಡುವವರು ಒಬ್ಬರು. ಮಾಗಡಿಯಲ್ಲಿ ನಾನು ಜೂನಿಯರ್ ಆಗಿದ್ದ ವಕೀಲರ ಆಫೀಸಿನಲ್ಲಿ ಕರಡು ತಾಳೆ ನೋಡುವ ಪದ್ಧತಿ ಅದು. ಹಳೆಯ ಪ್ರತಿಯನ್ನು ನಾನು ಗಟ್ಟಿಯಾಗಿ ಓದಬೇಕು. ಹೊಸ ಪ್ರತಿಯ ಮೇಲೆ ಟೈಪಿಸ್ಟ್ ಅಣ್ಣ ಬೆರಳಿಟ್ಟುಕೊಂಡು ಬರಬೇಕು. ಎಲ್ಲಾದರೂ ಮಾತು ಬೇರೆಯಾದರೆ ಅವರು 'ಹೂಂ, ನಿಲ್ಸಿ' ಅನ್ನಬೇಕು. ಒಂದು ಪತ್ರಕ್ಕೆ ಈ ಪದ್ಧತಿ ಚೆನ್ನ. ಹನ್ನೊಂದು ಪತ್ರ, ಅದೂ ಹನ್ನೊಂದಕ್ಕೂ ನಾಲ್ಕು ನಾಲ್ಕು ಕರಡು ಅಂದರೆ, ಮೂರನೆಯದು ಮುಗಿಯುವಷ್ಟರಲ್ಲಿ ನನ್ನ ಗಂಟಲು ಒಣಗಿ, ಅವರ ಬೆರಳು ನಿದ್ದೆಹೋಗಿ, 'ಹೂಂ' ಮಾತ್ರ ತಾನಾಗಿ ಬರುತ್ತಿತ್ತು.

ರಾಮನಗರ ಜಿಲ್ಲೆಯಾದ ಹೊಸತು. ಬಿಡದಿಯ ಕಡೆ ಕಾರ್ಖಾನೆಗಳು ಎದ್ದು ನಿಂತಿದ್ದವು, ಕನಕಪುರ ರಸ್ತೆಯ ಹಾರೋಹಳ್ಳಿ ತುಂಬುತ್ತಿತ್ತು. ನಮ್ಮ ಮಾಗಡಿಗೆ ರೈಲಿಲ್ಲ, ಬಸ್ಸೇ ಗತಿ, ಇಲ್ಲಿಗೆ ಯಾರು ಬರುತ್ತಾರೆ ಅಂತ ನಾವೇ ನಗುತ್ತಿದ್ದೆವು. ಅಷ್ಟರಲ್ಲಿ ರಟ್ಟಿನ ಪೆಟ್ಟಿಗೆ ಮಾಡುವ ಕಂಪನಿಯೊಂದು ಕುದೂರು ರಸ್ತೆಯಲ್ಲಿ ಜಾಗ ನೋಡಿಕೊಂಡು ಹೋಯಿತು. ಸರ್ಕಾರದ ಅನುಮತಿ, ಭೂಪರಿವರ್ತನೆ ಎಲ್ಲ ಆದಮೇಲೆ ಹನ್ನೊಂದು ಮನೆಯವರು ತಂತಮ್ಮ ಹೊಲದ ಒಂದೊಂದು ತುಂಡನ್ನು ಕೊಡಲು ಒಪ್ಪಿದರು. ಹನ್ನೊಂದು ಮನೆಯವರೂ ಸೇರಿ ನಮ್ಮ ಸೀನಿಯರನ್ನು ತಮ್ಮ ವಕೀಲರೆಂದು ಗೊತ್ತುಮಾಡಿಕೊಂಡರು. ಆ ಕೆಲಸ ನನ್ನ ತಲೆಗೆ ಬಂತು.

ನಮ್ಮ ಸೀಮೆಯಲ್ಲಿ ಹೊಲ ಮಾರುವವರು ಪೂರ್ತಿ ಹೊಲ ಮಾರುವುದಿಲ್ಲ. ಏನಾದರೊಂದನ್ನು ಉಳಿಸಿಕೊಂಡೇ ಮಾರುತ್ತಾರೆ. ಒಬ್ಬರಿಗೆ ತಾತ ತೋಡಿಸಿದ ಬಾವಿ ಬಿಡಬಾರದು. ಒಬ್ಬರಿಗೆ ಹುಣಸೆಮರ. ಇನ್ನೊಬ್ಬರಿಗೆ ದನ ಹೊಡೆದುಕೊಂಡು ಹೋಗುವ ಓಣಿ. ಆ ಹನ್ನೊಂದರಲ್ಲಿ ಒಂದು ಹೊಲ ಶಿವಭಕ್ತರ ಮನೆಯದು, ಅವರಲ್ಲಿ ತೀರಿಕೊಂಡವರನ್ನು ಸುಡುವುದಿಲ್ಲ, ತಮ್ಮದೇ ಹೊಲದಲ್ಲಿ ಸಮಾಧಿ ಮಾಡುತ್ತಾರೆ. ಆ ಮನೆಯ ಯಜಮಾನಿ ಐವತ್ತರ ಆಸುಪಾಸಿನ ಹೆಂಗಸು, ಹಿಪ್ಪುನೇರಳೆ ಬೆಳೆದು ಹುಳು ಸಾಕಿ ರಾಮನಗರದ ಮಾರುಕಟ್ಟೆಗೆ ತಾನೇ ಗೂಡು ಹೊತ್ತುಕೊಂಡು ಹೋಗಿ ಮಾರುವವರು. ಅವರ ಯಜಮಾನರ ಸಮಾಧಿ ಹೊಲದ ನೈಋತ್ಯ ಮೂಲೆಯಲ್ಲಿತ್ತು. ಮೊದಲ ಸಲ ಮಾತುಕತೆಗೆ ಕೂತಾಗಲೇ ಆ ಅಮ್ಮ ತಮ್ಮ ಮಾತು ಇಷ್ಟೇ ಅಂತ ಹೇಳಿಬಿಟ್ಟಿದ್ದರು. ಹೊಲ ಹೋದರೆ ಹೋಗಲಿ, ಆ ಮೂಲೆ ಹೋಗಕೂಡದು. ಕಂಪನಿ ಕಡೆಯ ಮ್ಯಾನೇಜರ್ ಎರಡು ಗುಂಟೆ ಬಿಡಲು ಒಪ್ಪಿದರು.

ಹೀಗೆ ಒಪ್ಪಿದ್ದನ್ನೆಲ್ಲ ಕ್ರಯಪತ್ರದ ಕೊನೆಯಲ್ಲಿ, ನಾಲ್ಕು ದಿಕ್ಕಿನ ಎಲ್ಲೆ ಹೇಳುವ ಚಕ್ಕುಬಂದಿಯ ಕೆಳಗೆ 'ಹೊರತುಪಡಿಸಿದ ಭಾಗ' ಅಂತ ಬರೆಯಬೇಕು. ನಮ್ಮ ಸೀನಿಯರ್ ಯಾವಾಗಲೂ ಹೇಳುತ್ತಿದ್ದರು, ಪತ್ರದಲ್ಲಿ ಇಲ್ಲದ್ದು ಸ್ವಲ್ಪ ದಿನದಲ್ಲಿ ನೆಲದಲ್ಲೂ ಇರುವುದಿಲ್ಲ ಅಂತ.

ಟೈಪಿಸ್ಟ್ ಅಣ್ಣನ ಅಂಗಡಿ ತಾಲ್ಲೂಕು ಕಚೇರಿಯ ಎದುರಿಗೆ. ಎರಡು ಕಂಪ್ಯೂಟರ್, ಒಂದು ಪ್ರಿಂಟರ್, ಗೋಡೆಗೆ ಸಾವನದುರ್ಗದ ನರಸಿಂಹಸ್ವಾಮಿ ಪಟ. ಅವರು ರಾಮನಗರದಲ್ಲಿ ಟೈಪ್‌ರೈಟಿಂಗ್ ಕಲಿತ ಕಾಲದವರು. ಫೈಲಿಗೆ ಜನರ ಹೆಸರು ಇಡುತ್ತಿರಲಿಲ್ಲ. ಒಂದೇ ಊರಿನಲ್ಲಿ ಗಂಗಾಧರಯ್ಯ ನಾಲ್ಕು ಜನ, ರಂಗಪ್ಪ ಐದು ಜನ ಇರುವಾಗ ಹೆಸರಿಟ್ಟು ಏನು ಪ್ರಯೋಜನ ಅನ್ನುವುದು ಅವರ ವಾದ. ಉಳಿಸಿಕೊಂಡ ವಸ್ತುವಿನ ಹೆಸರೇ ಫೈಲಿನ ಹೆಸರು. ಬಾವಿ ಒಂದು, ಬಾವಿ ಎರಡು, ಹುಣಸೆ ಒಂದು, ಓಣಿ ಎರಡು, ಸಮಾಧಿ ಒಂದು. ಪ್ರತಿ ಸಲ ತಿದ್ದಿದಾಗಲೂ ಅಂಕಿ ಒಂದು ಮುಂದಕ್ಕೆ. ಹಳೆಯದನ್ನು ಅಳಿಸುತ್ತಿರಲಿಲ್ಲ. ಜಾಗ ಸಾಲದೆ ಕಂಪ್ಯೂಟರ್ ಮುನಿಸಿಕೊಂಡರೆ ಸೀಡಿಗೆ ತುಂಬಿ ಟ್ರಂಕಿನಲ್ಲಿ ಇಡುತ್ತಿದ್ದರು. ಇಷ್ಟೊಂದು ಕಸ ಯಾಕೆ ಇಟ್ಟುಕೊಳ್ಳುತ್ತೀರಿ ಅಂತ ನಾನು ಆಗಾಗ ರೇಗಿಸುತ್ತಿದ್ದೆ. ಅವರು ನಗುತ್ತಿದ್ದರು.

ಕರಡು ಇಲ್ಲಿಂದ ಮೇಲ್‌ನಲ್ಲಿ ಬೆಂಗಳೂರಿಗೆ ಹೋಗಬೇಕು. ಅಲ್ಲಿ ಕಂಪನಿಯ ವಕೀಲೆ ನೋಡಿ, ತಿದ್ದಿ ವಾಪಸ್ ಕಳಿಸಬೇಕು. ತಿದ್ದಿದ್ದು ಎಲ್ಲಿ ಅಂತ ಹುಡುಕುವುದು ನಮ್ಮ ಪಾಲು. ಒಂದು ಸಲ ಮಾತುಕತೆಗೆ ಆಕೆಯೇ ಬಂದಿದ್ದರು. ಅವರ ಕೈಯಲ್ಲಿದ್ದ ನಮ್ಮ ಕರಡಿನ ಮೇಲೆ ಅಲ್ಲಲ್ಲಿ ಕೆಂಪು ಗೆರೆ. ಕೆಲವು ಪದಗಳ ಕೆಳಗೆ ಗೆರೆ, ಕೆಲವುಗಳ ಮೇಲೆ ಅಡ್ಡಗೆರೆ. ಇದನ್ನೆಲ್ಲ ಕೂತು ಪೆನ್ನಿನಲ್ಲಿ ಎಳೆದರಾ ಅಂತ ನಾನು ಕೇಳಿದೆ. ಅವರು ನಗಲಿಲ್ಲ. ಎರಡು ಫೈಲು ಕೊಟ್ಟರೆ ಕಂಪ್ಯೂಟರೇ ಹೋಲಿಸಿ ಗೆರೆ ಎಳೆಯುತ್ತದೆ, ನಿಮ್ಮ ಟೈಪಿಸ್ಟ್ ಹತ್ತಿರ ಇರುವ ಸಾಫ್ಟ್‌ವೇರಿನಲ್ಲೂ ಅದು ಇದೆ ಅಂದರು. ಮೆನುವಿನಲ್ಲಿ ಎಲ್ಲಿ ಒತ್ತಬೇಕು ಅನ್ನುವುದನ್ನು ನನ್ನ ಡೈರಿಯ ಹಾಳೆಯಲ್ಲಿ ಚಿತ್ರ ಬರೆದು ತೋರಿಸಿದರು. ಎದುರು ಪಾರ್ಟಿಯ ವಕೀಲೆ. ತಮ್ಮ ತಿದ್ದುಪಡಿಯನ್ನು ನಾವು ಸಲೀಸಾಗಿ ಹಿಡಿಯುವ ಉಪಾಯವನ್ನು ತಾವೇ ಹೇಳಿಕೊಟ್ಟರು. ಅದನ್ನು ನೆನೆದರೆ ಇವತ್ತಿಗೂ ಮನಸ್ಸು ತುಂಬಿ ಬರುತ್ತದೆ.

ಮಾರನೆಯ ದಿನವೇ ಅಂಗಡಿಗೆ ಹೋಗಿ ಒತ್ತಿಸಿದೆ. ಪರದೆ ಪೂರ್ತಿ ಕೆಂಪಾಯಿತು. ಮೊದಲ ಅಕ್ಷರದಿಂದ ಕೊನೆಯ ಅಕ್ಷರದವರೆಗೆ ಒಂದು ಪದವನ್ನೂ ಬಿಡದೆ ಎಲ್ಲ ಬೇರೆ ಅಂತ ಹೇಳಿತು. ಟೈಪಿಸ್ಟ್ ಅಣ್ಣ ಗಾಬರಿಯಾಗಿ ಮೌಸಿನಿಂದ ಕೈ ತೆಗೆದುಬಿಟ್ಟರು.

ಕಾರಣ ತಿಳಿಯಲು ಎರಡು ದಿನ ಹಿಡಿಯಿತು. ಆಗ ಕನ್ನಡಕ್ಕೆ ಒಂದೊಂದು ಅಂಗಡಿಯಲ್ಲಿ ಒಂದೊಂದು ಫಾಂಟು. ಬೆಂಗಳೂರಿನವರದು ಒಂದು, ನಮ್ಮದು ಇನ್ನೊಂದು. ನಮ್ಮ ಕಣ್ಣಿಗೆ ಎರಡೂ ಕನ್ನಡ. ಕಂಪ್ಯೂಟರಿನ ಕಣ್ಣಿಗೆ ಎರಡೂ ಬೇರೆ ಬೇರೆ ಇಂಗ್ಲಿಷ್ ಅಕ್ಷರಗಳ ಗುಂಪು. ಅವರ ಫೈಲನ್ನು ನಮ್ಮ ಫಾಂಟಿಗೆ ಬದಲಾಯಿಸುವ ಪುಟ್ಟ ಪ್ರೋಗ್ರಾಮ್ ಒಂದನ್ನು ಟೈಪಿಸ್ಟ್ ಅಣ್ಣ ಚನ್ನಪಟ್ಟಣದ ಸ್ನೇಹಿತರಿಂದ ಸೀಡಿಯಲ್ಲಿ ತರಿಸಿಕೊಂಡರು. ಹಾಗೆ ಬದಲಾಯಿಸಿದರೂ ಅರ್ಧ ಪುಟ ಕೆಂಪು. ಈ ಸಲ ತೊಂದರೆ ನಮ್ಮ ಕಡೆಯದೇ. ಟೈಪ್‌ರೈಟರ್ ಕೈಯಾದ ಅಣ್ಣ ಪ್ರತಿ ಸಾಲಿನ ಕೊನೆಗೂ ಎಂಟರ್ ಒತ್ತುತ್ತಿದ್ದರು. ಸಾಲು ಮುಗಿಯಿತು, ಯಂತ್ರದ ಗಾಡಿ ಎಳೆದು ಹೊಸ ಸಾಲಿಗೆ ತರಬೇಕು, ಆ ಅಭ್ಯಾಸ. ಮೇಲೆ ಒಂದು ಪದ ಸೇರಿದರೆ ಕೆಳಗಿನ ಸಾಲುಗಳೆಲ್ಲ ಬೇರೆ ಜಾಗದಲ್ಲಿ ಮುರಿಯುತ್ತಿದ್ದವು. ಕಂಪ್ಯೂಟರ್ ಅದನ್ನೂ ವ್ಯತ್ಯಾಸ ಅಂತ ಲೆಕ್ಕ ಹಿಡಿಯುತ್ತಿತ್ತು. ಎಂಟರ್‌ಗಳನ್ನೆಲ್ಲ ಒಟ್ಟಿಗೆ ಹುಡುಕಿ ತೆಗೆಸಿ, ಅವುಗಳ ಜಾಗದಲ್ಲಿ ಒಂದೊಂದು ಖಾಲಿ ಜಾಗ ಇಟ್ಟೆವು. ಇನ್ನೊಂದು ಕಾಟ ಉಳಿದಿತ್ತು. ತೆಗೆದ ಪದಗಳನ್ನು ಅದು ಪುಟದ ಅಂಚಿನಲ್ಲಿ ಒಂದು ಗುಳ್ಳೆಯೊಳಗೆ ತೋರಿಸುತ್ತಿತ್ತು, ಆದರೆ ಅಲ್ಲಿ ನಮ್ಮ ಫಾಂಟು ಇಲ್ಲದೆ ಕೋಳಿ ಕೆದರಿದ ಹಾಗೆ ಕಾಣುತ್ತಿತ್ತು. ಪುಟ ತೋರಿಸುವ ರೀತಿಯನ್ನು ಬದಲಿಸಿದಾಗ ಗುಳ್ಳೆ ಹೋಗಿ, ತೆಗೆದ ಪದ ಸಾಲಿನ ಒಳಗೇ ಅಡ್ಡಗೆರೆ ಹೊತ್ತು ಬಂದು ನಿಂತಿತು. ಆವತ್ತು ಟೈಪಿಸ್ಟ್ ಅಣ್ಣ ಕಾಫಿ ತರಿಸಿದರು.

ಅಲ್ಲಿಂದ ಮುಂದೆ ನನ್ನನ್ನು ಹಿಡಿಯುವವರಿರಲಿಲ್ಲ. ಕಂಪನಿಯಿಂದ ಕೊನೆಯ ಸುತ್ತಿನ ಫೈಲುಗಳು ಬಂದವು. ನಾವು ಕಳಿಸಿದ್ದು ಮೂರನೆಯ ಕರಡು, ಅವರು ಕಳಿಸಿದ್ದು ನಾಲ್ಕನೆಯದು. ಹನ್ನೊಂದನ್ನೂ ಹೋಲಿಸಲು ಒಂದು ಬೆಳಿಗ್ಗೆ ಸಾಕಾಯಿತು. ಅವರು ತಿದ್ದಿದ್ದು ಎಂಥವು ಅಂದರೆ ಪಿನ್‌ಕೋಡು, ಕಂಪನಿಯ ಪೂರ್ತಿ ಹೆಸರು, ಒಂದೆರಡು ಕಡೆ ಪದಗಳ ಜೋಡಣೆ. ಮೋಸ ಇಲ್ಲ, ಕಪಟ ಇಲ್ಲ. ಸಮಾಧಿ ಹೊಲದ ಪತ್ರದಲ್ಲಂತೂ ಕಂಪನಿಯ ಹೆಸರು ಬಿಟ್ಟರೆ ಒಂದು ಕೆಂಪು ಗೆರೆಯೂ ಇರಲಿಲ್ಲ. ಸೀನಿಯರ್ ಎಲ್ಲವನ್ನೂ ತಿರುವಿ ಹಾಕಿ, ನಿನ್ನ ಕಂಪ್ಯೂಟರ್ ಒಳ್ಳೆ ಗುಮಾಸ್ತ ಕಣಮ್ಮ, ಸಂಬಳ ಕೇಳಲ್ಲ ಅಂದರು. ದಸ್ತಾವೇಜು ಹಾಳೆಯ ಮೇಲೆ ಅಚ್ಚು ಹಾಕಿಸಲು ಹೇಳಿದರು. ಮಾರನೆಯ ದಿನ ಬೆಳಿಗ್ಗೆ ಹನ್ನೊಂದು ಮನೆಯವರೂ ಸಬ್ ರಿಜಿಸ್ಟ್ರಾರ್ ಕಚೇರಿಗೆ ಬರುವುದು, ಬೆಂಗಳೂರಿನಿಂದ ಮ್ಯಾನೇಜರ್ ಬರುವುದು ನಿಶ್ಚಯವಾಯಿತು. ಆ ಮಧ್ಯಾಹ್ನ ಸೀನಿಯರ್ ರಾಮನಗರದ ಕೋರ್ಟಿಗೆ ಹೋದರು.

ಅದೇ ಮಧ್ಯಾಹ್ನ ಸಮಾಧಿ ಹೊಲದ ಅಮ್ಮ ಟೈಪಿಸ್ಟ್ ಅಣ್ಣನ ಅಂಗಡಿಗೆ ಬಂದರು. ಅವರೆಕಾಯಿ ಕಾಲ. ಸಂತೆಗೆ ಬಂದವರು ಮನೆಗೆ ಅಂತ ಒಂದು ಚೀಲ ಸೊಗಡಿನ ಅವರೆ ಹಿಡಿದುಕೊಂಡಿದ್ದರು. ನಾನು ಅಲ್ಲೇ ಪ್ರಿಂಟು ಹಾಕಿಸುತ್ತಾ ನಿಂತಿದ್ದೆ. ಅವರಿಗೆ ಕೇಳಬೇಕಾಗಿದ್ದದ್ದು ಒಂದೇ ಮಾತು.

"ಸುತ್ತಾ ಚಪ್ಪಡಿ ನಿಲ್ಲಿಸ್ಬೇಕು ಅಂತಿವ್ನಿ ಮಗ. ಅಲ್ಲಿಗೆ ಓಗಕ್ಕೆ ದಾರಿ ಎಷ್ಟಡಿ ಬುಟ್ಟವ್ರೆ, ಒಸಿ ನೋಡಿ ಯೋಳು."

ಅದಕ್ಕೇನಂತೆ ಅಂತ ಅವರ ಪತ್ರ ತೆಗೆದು ಕೊನೆಯ ಪುಟಕ್ಕೆ ಹೋದೆ. 'ಹೊರತುಪಡಿಸಿದ ಭಾಗ' ಅನ್ನುವುದರ ಕೆಳಗೆ ಹೀಗಿತ್ತು: ಸದರಿ ಸ್ವತ್ತಿನಲ್ಲಿರುವ ತೆರೆದ ಬಾವಿ ಹಾಗೂ ಅದರ ಸುತ್ತಲಿನ ಒಂದು ಗುಂಟೆ ಜಾಗ.

ಅವರ ಹೊಲದಲ್ಲಿ ಬಾವಿಯೇ ಇಲ್ಲ.

ಮತ್ತೊಮ್ಮೆ ಓದಿದೆ. ಹೆಸರು ಅವರದೇ, ಸರ್ವೆ ನಂಬರು ಅವರದೇ, ಚಕ್ಕುಬಂದಿ ಅವರದೇ. ಆದರೆ ಬಾವಿ ಪಕ್ಕದ ಹೊಲದವರದು. ಸಮಾಧಿಯ ಮಾತು ಇಡೀ ಪತ್ರದಲ್ಲಿ ಎಲ್ಲೂ ಇಲ್ಲ. ನಾಳೆ ಬೆಳಿಗ್ಗೆ ಈ ಅಮ್ಮ ರುಜು ಹಾಕಿದ್ದರೆ ಅವರ ಯಜಮಾನರು ಮಲಗಿದ್ದ ನೆಲ ರಟ್ಟಿನ ಕಾರ್ಖಾನೆಯ ಪಾಲಾಗಿರುತ್ತಿತ್ತು, ಯಾರೂ ಮೋಸ ಮಾಡದೆ, ಯಾರಿಗೂ ಗೊತ್ತಾಗದೆ.

ಸುಳ್ಳು ಹೇಳಿ ಕಳಿಸಿಬಿಡುವುದು ಸುಲಭವಿತ್ತು. ಆದರೆ ಆಕೆಯ ಮುಖ ನೋಡಿಕೊಂಡು ನನಗೆ ಅದು ಆಗಲಿಲ್ಲ. ಅಮ್ಮ, ಇದರಲ್ಲಿ ತಪ್ಪಾಗಿದೆ, ನಿಮ್ಮ ಯಜಮಾನರ ಜಾಗ ಬಿಟ್ಟುಹೋಗಿದೆ, ಇವತ್ತೇ ಸರಿ ಮಾಡುತ್ತೇವೆ ಅಂದೆ. ಅವರು ಕೂಗಾಡುತ್ತಾರೆ ಅಂದುಕೊಂಡಿದ್ದೆ. ಅವರು ಅಂಗಡಿಯ ಮೂಲೆಯ ಸ್ಟೂಲು ಎಳೆದುಕೊಂಡು ಕೂತರು.

"ಸರಿ ಮಾಡು. ಸರಿ ಆಗಗಂಟ ನಾನಿಲ್ಲೇ ಇರ್ತೀನಿ," ಅಂದರು. ಸೆರಗು ಹಾಸಿ ಅವರೆಕಾಯಿ ಬಿಡಿಸಲು ಶುರುಮಾಡಿದರು.

ಟೈಪಿಸ್ಟ್ ಅಣ್ಣನ ಮುಖ ಬಾಡಿಹೋಗಿತ್ತು. ಕಂಪನಿಯವರನ್ನು ಬೈಯಬಹುದಿತ್ತು, ಕರೆಂಟನ್ನು ಬೈಯಬಹುದಿತ್ತು. ಅವರು ಹಾಗೆ ಮಾಡಲಿಲ್ಲ. ಏನಾಗಿದೆ ಅಂತ ಅವರೇ ಬಿಡಿಸಿ ಹೇಳಿದರು. ಎರಡನೆಯ ಸುತ್ತಿನಲ್ಲಿ ಕಂಪನಿ ಪತ್ರದ ನಡುವಿನ ಷರತ್ತುಗಳನ್ನೆಲ್ಲ ಬದಲಾಯಿಸಿತ್ತು. ಅದನ್ನು ಹನ್ನೊಂದು ಸಲ ಟೈಪು ಮಾಡುವುದು ಯಾಕೆ ಅಂತ, ಒಂದು ಪತ್ರವನ್ನು ಪೂರ್ತಿ ಸರಿಮಾಡಿ ಅದನ್ನೇ ತಾಯಿಪ್ರತಿ ಮಾಡಿಕೊಂಡರು. ಅದು ಬಾವಿಯವರ ಪತ್ರ. ಅದನ್ನು ತೆರೆದು, ಹೆಸರು ಬದಲಿಸಿ, ಸರ್ವೆ ನಂಬರು ಬದಲಿಸಿ, ಚಕ್ಕುಬಂದಿ ಬದಲಿಸಿ, ಬೇರೆ ಫೈಲಾಗಿ ಉಳಿಸಿಕೊಳ್ಳುವುದು. ಮಾಗಡಿಯ ಎಲ್ಲ ಅಂಗಡಿಗಳಲ್ಲೂ ಪತ್ರ ಹುಟ್ಟುವುದು ಹೀಗೆಯೇ. ಪಕ್ಕದ ಮನೆಯ ಪತ್ರದ ಹೊಟ್ಟೆಯಿಂದ ನಮ್ಮ ಮನೆಯ ಪತ್ರ ಬರುತ್ತದೆ. ಸಮಾಧಿಯವರ ಪತ್ರ ಮಾಡುವಾಗ ನಡುವೆ ಯಾರೋ ಜಾತಿ ಪ್ರಮಾಣಪತ್ರಕ್ಕೆ ಬಂದರು. ಎದ್ದು ಹೋಗಿ ಬಂದು ಕೂತವರು ಕೊನೆಯ ಸಾಲು ಬದಲಿಸಿದೆ ಅಂತಲೇ ಅಂದುಕೊಂಡರು.

"ನನ್ ಕೈಯಿಂದ್ಲೇ ಆಗೈತೆ ಮೇಡಂ," ಅಂದರು ಅಣ್ಣ. "ಈಗ ನಾನೇ ತೆಗೀಬೇಕು."

ನನ್ನ ಕಂಪ್ಯೂಟರ್ ಗುಮಾಸ್ತನಿಗೆ ಯಾಕೆ ಇದು ಕಾಣಲಿಲ್ಲ ಅನ್ನುವುದು ಈಗ ಹೊಳೆಯಿತು. ಅದು ಸುಳ್ಳು ಹೇಳಿರಲಿಲ್ಲ. ಮೂರನೆಯ ಕರಡಿನಲ್ಲೂ ಬಾವಿ, ನಾಲ್ಕನೆಯದರಲ್ಲೂ ಬಾವಿ. ಎರಡೂ ಕಡೆ ಒಂದೇ ತಪ್ಪಿದ್ದರೆ ಅದು ವ್ಯತ್ಯಾಸ ಇಲ್ಲ ಅಂತಲೇ ಹೇಳಬೇಕು. ಬೆಂಗಳೂರಿನವರು ಏನು ಬದಲಾಯಿಸಿದರು ಅನ್ನುವುದನ್ನು ಮಾತ್ರ ನಾವು ಅದಕ್ಕೆ ಕೇಳಿದ್ದೆವು. ಅದು ಅಷ್ಟಕ್ಕೇ ಉತ್ತರ ಕೊಟ್ಟಿತ್ತು.

ಸೀನಿಯರಿಗೆ ಫೋನು ಮಾಡಿದೆ. ಅವರು ಕೋರ್ಟಿನ ಗಲಾಟೆಯ ನಡುವೆ ಕೇಳಿಸಿಕೊಂಡು, ನಾಳೆ ರಿಜಿಸ್ಟ್ರಿ ಆಗಿಬಿಡಲಿ, ಆಮೇಲೆ ತಿದ್ದುಪಡಿ ಪತ್ರ ಮಾಡಿಸೋಣ ಅಂದರು. ಕಂಪನಿ ಹಾರೋಹಳ್ಳಿಯಲ್ಲೂ ಒಂದು ಜಾಗ ನೋಡಿದೆ, ಒಂದು ಮನೆಗೋಸ್ಕರ ಹತ್ತು ಮನೆಯ ಕೆಲಸ ಕೆಡಿಸಬಾರದು ಅನ್ನುವುದು ಅವರ ಯೋಚನೆ. ಅದರಲ್ಲಿ ತಪ್ಪೇನಿಲ್ಲ. ಆದರೆ ತಿದ್ದುಪಡಿ ಪತ್ರಕ್ಕೆ ಕಂಪನಿಯ ರುಜು ಬೇಕು. ಅಷ್ಟರಲ್ಲಿ ಮ್ಯಾನೇಜರ್ ಬದಲಾಗಬಹುದು, ಕಾಂಪೌಂಡು ಏಳಬಹುದು, ನೆಲ ಮಟ್ಟ ಮಾಡುವ ಜೇಸೀಬಿಗೆ ಸಮಾಧಿ ಯಾವುದು ದಿಬ್ಬ ಯಾವುದು ಗೊತ್ತಾಗುತ್ತದೆಯೇ? ಮೂಲೆಯಲ್ಲಿ ಆ ಅಮ್ಮ ತಲೆ ಬಗ್ಗಿಸಿ ಕಾಯಿ ಬಿಡಿಸುತ್ತಿದ್ದರು. ಸೀನಿಯರಿಗೆ ನಾನು ಎದುರು ಮಾತಾಡಿದವಳಲ್ಲ. ಆವತ್ತು ಆಡಿದೆ.

"ಸರ್, ಈ ಪತ್ರ ಹೀಗೆ ರಿಜಿಸ್ಟ್ರಿ ಆಗೋದು ಬೇಡ. ಒಂದರಲ್ಲಿ ಹೀಗಾಗಿದ್ರೆ ಉಳಿದ ಹತ್ತು ಸರಿ ಇವೆ ಅಂತಾನೂ ನಾನು ಹೇಳಲಾರೆ."

ಅವರು, ಸರಿ, ನಿನ್ನ ಕೈಗೆ ಬಿಟ್ಟಿದ್ದೇನೆ, ನಾಳೆ ಬೆಳಿಗ್ಗೆ ಸರಿಯಾದ ಪತ್ರ ನನ್ನ ಮೇಜಿನ ಮೇಲಿರಲಿ ಅಂದರು. ಜೂನಿಯರ್ ಮಾತಿಗೆ ಹಾಗೆ ಮಣಿದ ಸೀನಿಯರುಗಳನ್ನು ನಾನು ಆಮೇಲೆ ಹೆಚ್ಚು ನೋಡಿಲ್ಲ.

ಈಗ ಹನ್ನೊಂದನ್ನೂ ಹೇಗೆ ಪರೀಕ್ಷಿಸುವುದು? ಮತ್ತೆ ಓದುವವರು ಒಬ್ಬರು ನೋಡುವವರು ಒಬ್ಬರು ಅಂತ ಕೂತರೆ ಬೆಳಗಾಗುತ್ತದೆ, ಜೊತೆಗೆ ಮತ್ತೆ ನಿದ್ದೆಯ 'ಹೂಂ'. ಯೋಚಿಸುತ್ತಾ ಇದ್ದಾಗ ಅನ್ನಿಸಿತು, ಇಷ್ಟು ದಿನ ನಾವು ಒಂದು ಪತ್ರವನ್ನು ಅದರದೇ ಹಳೆಯ ಕರಡಿನ ಜೊತೆ ಹೋಲಿಸಿದೆವು. ಈಗ ಮನೆಯಿಂದ ಮನೆಗೆ ಹೋಲಿಸೋಣ. ತಾಯಿಪ್ರತಿ ಬಾವಿಯವರದು ತಾನೆ? ಉಳಿದ ಹತ್ತನ್ನೂ ಒಂದೊಂದಾಗಿ ಅದರ ಪಕ್ಕ ಇಟ್ಟು ಒತ್ತೋಣ. ಎಲ್ಲಿ ಮನೆಯಿಂದ ಮನೆಗೆ ಬೇರೆ ಇರಲೇಬೇಕೋ ಅಲ್ಲಿ ಕೆಂಪು ಬರಬೇಕು. ಹೆಸರು, ಸರ್ವೆ ನಂಬರು, ಚಕ್ಕುಬಂದಿಯ ನಾಲ್ಕು ದಿಕ್ಕು, ಹೊರತುಪಡಿಸಿದ ಭಾಗ. ಅಲ್ಲಿ ಎಲ್ಲಾದರೂ ಕಪ್ಪಾಗೇ ಉಳಿದಿದ್ದರೆ ಅದು ಬಾವಿಯವರ ಪತ್ರದಿಂದ ಹಾಗೇ ಜಾರಿಬಂದ ಸಾಲು. ಇಷ್ಟು ದಿನ ಕೆಂಪು ಹುಡುಕಿದೆವು, ಇವತ್ತು ಕೆಂಪಾಗದೆ ಉಳಿದದ್ದನ್ನು ಹುಡುಕೋಣ ಅಂತ ಹೇಳಿದೆ. ಟೈಪಿಸ್ಟ್ ಅಣ್ಣ ಕುರ್ಚಿ ಹತ್ತಿರಕ್ಕೆ ಎಳೆದುಕೊಂಡರು.

ಓಣಿಯವರ ಪತ್ರ ಸರಿಯಿತ್ತು. ಅದರ ಮುಂದಿನವೆರಡೂ ಸರಿ. ಹುಣಸೆಯವರ ಪತ್ರದಲ್ಲಿ ಪೂರ್ವ ಕೆಂಪು, ಪಶ್ಚಿಮ ಕೆಂಪು, ದಕ್ಷಿಣ ಕೆಂಪು, ಉತ್ತರ ಕಪ್ಪು. ನಾನು ಹೌಹಾರಿದೆ. ಅಣ್ಣ ಸಮಾಧಾನ ಮಾಡಿದರು. ಬಾವಿಯವರ ಹೊಲಕ್ಕೂ ಹುಣಸೆಯವರ ಹೊಲಕ್ಕೂ ಉತ್ತರಕ್ಕಿರುವುದು ಒಂದೇ ಸರ್ಕಾರಿ ಹಳ್ಳ. ಕಪ್ಪಾಗಿದ್ದೆಲ್ಲ ತಪ್ಪಲ್ಲ. ಆದರೂ ಹುಣಸೆಯವರಿಗೆ ಫೋನು ಮಾಡಿ ಕೇಳಿಯೇ ಮುಂದಕ್ಕೆ ಹೋದೆವು. ಇನ್ನೊಂದು ಪತ್ರದಲ್ಲಿ ಪಶ್ಚಿಮ ಕಪ್ಪಾಗಿತ್ತು, ಅದು ಮಾತ್ರ ನಿಜವಾಗಿಯೂ ತಪ್ಪು. ಪಶ್ಚಿಮಕ್ಕೆ ರಸ್ತೆ ಇರಬೇಕಾದಲ್ಲಿ ಬಾವಿಯವರ ನೆಂಟರ ಹೊಲ ಬಂದು ಕೂತಿತ್ತು. ಅದನ್ನು ತಿದ್ದಿದೆವು. ಹೊರತುಪಡಿಸಿದ ಭಾಗ ಕಪ್ಪಾಗಿ ಉಳಿದಿದ್ದದ್ದು ಒಂದೇ ಒಂದರಲ್ಲಿ.

ಸಮಾಧಿಯ ಹಳೆಯ ಸಾಲು ಎಲ್ಲಿ? ನಾನು ಕಸ ಅಂತ ರೇಗಿಸುತ್ತಿದ್ದ ಆ ಟ್ರಂಕನ್ನು ಅಣ್ಣ ತೆರೆದರು. ಎರಡನೆಯ ಸೀಡಿಯಲ್ಲೇ ಸಿಕ್ಕಿತು, 'ಸಮಾಧಿ ಎರಡು'. ತಾಯಿಪ್ರತಿ ಹುಟ್ಟುವುದಕ್ಕಿಂತ ಮುಂಚಿನ ಕರಡು. ಅದನ್ನೂ ನಾಳೆಯ ಪತ್ರವನ್ನೂ ಪಕ್ಕಪಕ್ಕ ಇಟ್ಟು ಒತ್ತಿದೆವು. ಷರತ್ತುಗಳೆಲ್ಲ ಬದಲಾಗಿದ್ದರಿಂದ ಮೇಲೆಲ್ಲ ಕೆಂಪೇ. ಕೊನೆಯ ಪುಟಕ್ಕೆ ಬಂದಾಗ ಬಾವಿಯ ಸಾಲಿನ ಪಕ್ಕದಲ್ಲಿ ಅದು ಕಾಣಿಸಿತು. 'ಸದರಿ ಸ್ವತ್ತಿನ ನೈಋತ್ಯ ಮೂಲೆಯಲ್ಲಿರುವ ನನ್ನ ಪತಿಯವರ ಸಮಾಧಿ ಹಾಗೂ ಅದರ ಸುತ್ತಲಿನ ಎರಡು ಗುಂಟೆ ಜಾಗ.' ಒಂದೊಂದು ಅಕ್ಷರದ ಮೇಲೂ ಕೆಂಪು ಅಡ್ಡಗೆರೆ.

ಆ ಅಮ್ಮ ಎದ್ದು ಬಂದು ನಮ್ಮ ಹಿಂದೆ ನಿಂತಿದ್ದು ಗೊತ್ತಾಗಿರಲಿಲ್ಲ. ಅವರು ನಿಧಾನವಾಗಿ ಅಕ್ಷರ ಕೂಡಿಸಿ ಓದಬಲ್ಲವರು. ಓದಿಕೊಂಡು, ಇದರ ಮೇಲೆ ಗೀಟು ಯಾಕೆ ಎಳೆದಿದೆ ಅಂತ ಕೇಳಿದರು. ಮುಂಚೆ ಇದ್ದು ಈಗ ಹೋಗಿರುವುದಕ್ಕೆ ಇದು ಹಾಗೆ ಗೀಟು ಹಾಕುತ್ತದೆ ಅಂತ ಅಣ್ಣ ವಿವರಿಸಿದರು.

"ಎಲ್ಲೋಗವ್ರೆ? ಅಲ್ಲೇ ಅವ್ರೆ," ಅಂದರು ಅಮ್ಮ. "ಗೀಟು ತೆಗಿಯಪ್ಪ."

ಅಣ್ಣ ಆ ಸಾಲಿನ ಮೇಲೆ ಮೌಸಿನ ಬಲಗುಂಡಿ ಒತ್ತಿ, ತೆಗೆದದ್ದನ್ನು ನಿರಾಕರಿಸು ಅನ್ನುವ ಇಂಗ್ಲಿಷ್ ಮಾತನ್ನು ಆರಿಸಿದರು. ಅಡ್ಡಗೆರೆ ಹೋಯಿತು, ಕೆಂಪು ಹೋಯಿತು, ಸಾಲು ಉಳಿದ ಸಾಲುಗಳ ಹಾಗೆ ಕಪ್ಪಾಗಿ ನಿಂತಿತು. ಬಾವಿಯನ್ನು ತೆಗೆದರು. ನನಗೆ ಅಳು ಬಂದುಬಿಟ್ಟಿತು. ಕಿಟಕಿಯ ಕಡೆ ಮುಖ ಮಾಡಿ ನಿಂತೆ.

ಉಳಿಸಿದ ತಕ್ಷಣ ಕರೆಂಟು ಹೋಯಿತು. ಯುಪಿಎಸ್ ಕುಂಯ್‌ಗುಟ್ಟತೊಡಗಿತು, ಅಣ್ಣ ಲಗುಬಗೆಯಿಂದ ಎಲ್ಲ ಮುಚ್ಚಿದರು. ಇನ್ನೂ ಬೆಂಗಳೂರಿನವರ ಒಪ್ಪಿಗೆ ಬಾಕಿ. ನಾನು ಹೊರಗೆ ಬಂದು ಕಂಪನಿಯ ವಕೀಲೆಗೆ ಫೋನು ಮಾಡಿದೆ. ಕಡೇ ಗಳಿಗೆಯಲ್ಲಿ ತಿದ್ದುಪಡಿ ಅಂದರೆ ಯಾರಿಗಾದರೂ ಅನುಮಾನ ಬರುತ್ತದೆ, ಅದೂ ನೆಲ ಬಿಟ್ಟುಕೊಡುವ ತಿದ್ದುಪಡಿ. ನಾನು ಏನೂ ಮುಚ್ಚಿಡದೆ, ಅಡ್ಡಗೋಡೆ ಮೇಲೆ ದೀಪ ಇಡದೆ, ಪಕ್ಕದ ಮನೆಯ ಬಾವಿ ಬಂದು ಕೂತ ಕಥೆ ಪೂರ್ತಿ ಹೇಳಿದೆ. ಆ ಅಮ್ಮ ದಾರಿ ಎಷ್ಟಡಿ ಅಂತ ಕೇಳಲು ಬಂದದ್ದರಿಂದ ಇದೆಲ್ಲ ಹೊರಬಿತ್ತು ಅಂತಲೂ ಹೇಳಿದೆ. ಅವರು, ಹಳೆಯದು ಹೊಸದು ಎರಡೂ ಫೈಲು ಕಳಿಸಿ, ಏನು ತಿದ್ದಿದ್ದೀರಿ ಅಂತ ಹೇಳಬೇಡಿ, ನಾನೇ ಹೋಲಿಸಿ ನೋಡಿಕೊಳ್ಳುತ್ತೇನೆ ಅಂದರು.

ಕರೆಂಟಿಗೆ ಕಾಯುತ್ತಾ ಕೂತೆವು. ಅಮ್ಮ ಮುಂದಕ್ಕೆ ಅವರೆ ಬಿಡಿಸಿದರು, ನಾನೂ ಕೈ ಹಚ್ಚಿದೆ. ಯಜಮಾನರದು ಬಲು ನಿಧಾನದ ಸ್ವಭಾವವಂತೆ. ಬಸ್ಸು ಬಂದು ನಿಂತರೂ ಎಲೆಯಡಿಕೆ ಮಡಿಸಿ ಬಾಯಿಗೆ ಹಾಕಿಕೊಂಡೇ ಏಳುತ್ತಿದ್ದರಂತೆ. ಎಷ್ಟು ಬಸ್ಸು ತಪ್ಪಿಸಿದ್ದಾರೆ ಅಂತ ಹೇಳುತ್ತಾ ಅಮ್ಮ ನಗುತ್ತಿದ್ದರು. ಸೋಮವಾರ ಸೋಮವಾರ ಅಲ್ಲಿ ಹೋಗಿ ವಿಭೂತಿ ಹಚ್ಚಿ ದೀಪ ಇಡುತ್ತಾರೆ, ಮನೆಯಲ್ಲಿ ನಡೆದದ್ದನ್ನೆಲ್ಲ ಒಂದಿಷ್ಟು ಹೇಳಿ ಬರುತ್ತಾರೆ. ಹೊಲ ಕೊಡುತ್ತೇನೆ ಅಂತಲೂ ಅವರಿಗೆ ಹೇಳಿಯೇ ಒಪ್ಪಿದ್ದಂತೆ. ದಾರಿಯ ಮಾತು ಮಾತ್ರ ನನ್ನನ್ನು ಒಳಗೇ ಕೊರೆಯುತ್ತಿತ್ತು. 'ಸಮಾಧಿ ಎರಡು' ಕರಡನ್ನು ಓದಿದಾಗಲೇ ನೋಡಿದ್ದೆ, ಅದರಲ್ಲಿ ದಾರಿಯೇ ಇರಲಿಲ್ಲ. ಮಾತುಕತೆಯಲ್ಲಿ ಗುಂಟೆ ಎಷ್ಟು ಅಂತ ಎಳೆದಾಡಿದೆವೇ ಹೊರತು ಅಲ್ಲಿಗೆ ಹೋಗುವುದು ಹೇಗೆ ಅಂತ ನಾವ್ಯಾರೂ ಕೇಳಿರಲಿಲ್ಲ. ಎರಡು ಗುಂಟೆ ಅವರದೇ, ಸುತ್ತ ಕಂಪನಿಯ ಗೋಡೆ. ಒಪ್ಪಿದ್ದನ್ನು ವಾಪಸ್ ತರುವುದೇ ಕಷ್ಟವಾಗಿರುವಾಗ ಒಪ್ಪದೇ ಇದ್ದದ್ದನ್ನು ಯಾವ ಬಾಯಲ್ಲಿ ಕೇಳುವುದು?

ಕರೆಂಟು ಬಂತು. ಪಕ್ಕದ ಸೈಬರ್ ಸೆಂಟರಿನಿಂದ ಎರಡೂ ಫೈಲು ಕಳಿಸಿದೆವು. ಅಮ್ಮನ ಊರಿನ ಕಡೆಯ ಕಡೇ ಬಸ್ಸಿಗೆ ಇನ್ನೂ ಹೊತ್ತಿರುವಾಗಲೇ ಉತ್ತರ ಬಂತು. ಮೇಲ್‌ನಲ್ಲಿ ಒಂದೇ ಸಾಲು, ಮ್ಯಾನೇಜರ್ ಜೊತೆ ಮಾತಾಡಿದ್ದೇನೆ, ಹೋಲಿಸಿ ನೋಡಿಕೊಳ್ಳಿ. ಜೊತೆಗೆ ಫೈಲು.

ಅಂಗಡಿಗೆ ತಂದು, ಫಾಂಟು ಬದಲಿಸಿ, ನಾವು ಕಳಿಸಿದ್ದರ ಪಕ್ಕ ಇಟ್ಟು ಒತ್ತಿದೆವು. ಮೊದಲ ಪುಟದಲ್ಲಿ ಏನೂ ಇಲ್ಲ. ಎರಡನೆಯದರಲ್ಲಿ ಏನೂ ಇಲ್ಲ. ಕೊನೆಯ ಪುಟದಲ್ಲಿ ಸಮಾಧಿಯ ಸಾಲಿನ ಕೆಳಗೆ ಒಂದು ಸಾಲು, ಪೂರ್ತಿ ಕೆಂಪು. ಏನೋ ಕಿತ್ತುಕೊಂಡರು ಅಂತಲೇ ಅನ್ನಿಸಿತು. ಆದರೆ ಅದು ಅಡ್ಡಗೆರೆ ಅಲ್ಲ. ಕೆಳಗೆರೆ. ತೆಗೆದದ್ದಲ್ಲ, ಸೇರಿಸಿದ್ದು.

'ಸದರಿ ಸಮಾಧಿಗೆ ಮಾರಾಟಗಾರರೂ ಅವರ ವಂಶಸ್ಥರೂ ಸದಾಕಾಲ ಹೋಗಿಬರಲು ರಸ್ತೆಯಿಂದ ದಕ್ಷಿಣದ ಎಲ್ಲೆಗುಂಟ ಹತ್ತು ಅಡಿ ಅಗಲದ ದಾರಿ.'

ಪತ್ರವನ್ನು ಮಾರುವವರಿಗೆ ಓದಿ ಹೇಳಬೇಕು ಅನ್ನುವುದು ನಿಯಮ. ಪತ್ರದ ಕೊನೆಯಲ್ಲೇ ಹಾಗೆ ಬರೆದಿರುತ್ತದೆ. ಸಾಮಾನ್ಯವಾಗಿ ರಿಜಿಸ್ಟ್ರಾರ್ ಕಚೇರಿಯ ಜಗಲಿಯ ನೂಕುನುಗ್ಗಲಿನಲ್ಲಿ ಆ ಶಾಸ್ತ್ರ ಮುಗಿಯುತ್ತದೆ. ನಾನು ಅಲ್ಲೇ, ಅವರೆಕಾಯಿ ಸಿಪ್ಪೆಯ ನಡುವೆ ಕೂತು, ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಆ ಅಮ್ಮನಿಗೆ ಓದಿ ಹೇಳಿದೆ. ದಾರಿಯ ಸಾಲು ಬಂದಾಗ ಇನ್ನೊಂದು ಸಲ ಓದು ಅಂದರು. ಓದಿದೆ. ಇದನ್ನು ಯಾರು ಬರೆದದ್ದು ಅಂತ ಕೇಳಿದರು. ಕಂಪನಿಯ ಲಾಯರು, ಆ ದಿನ ಬೆಂಗಳೂರಿನಿಂದ ಬಂದಿದ್ದರಲ್ಲ, ಕನ್ನಡಕದವರು, ಅವರು ಅಂದೆ. ಅಮ್ಮ ಅವರ ಹೆಸರು ಕೇಳಿ ತಿಳಿದುಕೊಂಡರು. ಕಣ್ಣೊರೆಸಿಕೊಂಡು, ಬಿಡಿಸಿದ ಕಾಳನ್ನು ಎರಡು ಪಾಲು ಮಾಡಿ, ಒಂದನ್ನು ಅಣ್ಣನ ಮೇಜಿನ ಮೇಲೂ ಇನ್ನೊಂದನ್ನು ನನ್ನ ಊಟದ ಡಬ್ಬಿಗೂ ಸುರಿದು ಬಸ್ಸಿಗೆ ಹೊರಟರು. ಮನೆಗೆ ಖಾಲಿ ಚೀಲ ಹೋಯಿತು.

ಮಾರನೆಯ ದಿನ ಹನ್ನೊಂದು ಪತ್ರಗಳೂ ರಿ‌ಜಿಸ್ಟ್ರಿ ಆದವು. ಸೀನಿಯರ್ ಸಮಾಧಿಯ ಪತ್ರವನ್ನು ತಾವೇ ಹಿಡಿದುಕೊಂಡು ಮೊದಲು ಕೊಟ್ಟರು. ಕಂಪನಿಯ ವಕೀಲೆ ಬಂದಿರಲಿಲ್ಲ. ನಾನು ಸಂಜೆ ಫೋನು ಮಾಡಿ ಥ್ಯಾಂಕ್ಸ್ ಹೇಳಿದಾಗ, ದಾರಿ ಇಲ್ಲದ ಸಮಾಧಿ ಬಿಟ್ಟು ಏನು ಪ್ರಯೋಜನ ಹೇಳಿ ಅಂತ ಅಷ್ಟೇ ಅಂದರು. ಆಕೆಯನ್ನು ಮತ್ತೆ ಭೇಟಿಯಾಗುವ ಸಂದರ್ಭ ನನಗೆ ಬರಲಿಲ್ಲ.

ಟೈಪಿಸ್ಟ್ ಅಣ್ಣ ಆಮೇಲಿಂದ ತಾಯಿಪ್ರತಿಯಲ್ಲಿ ಬದಲಾಗಬೇಕಾದ ಜಾಗಗಳನ್ನೆಲ್ಲ ಚುಕ್ಕಿ ಇಟ್ಟು ಖಾಲಿಯೇ ಬಿಡುತ್ತಾರೆ, ಯಾರ ಮನೆಯ ಬಾವಿಯೂ ಇರುವುದಿಲ್ಲ. ನಾನು ಅವರ ಟ್ರಂಕಿಗೆ ಕಸ ಅನ್ನುವುದನ್ನು ಬಿಟ್ಟೆ. ಈಗ ಸಾಫ್ಟ್‌ವೇರುಗಳು ಎಷ್ಟೋ ಮುಂದೆ ಹೋಗಿವೆ, ಫಾಂಟಿನ ಕಾಟ ಮುಗಿದಿದೆ. ಪ್ರತಿ ಪತ್ರಕ್ಕೂ ನಾನು ಎರಡು ಸಲ ಒತ್ತುತ್ತೇನೆ, ಒಂದು ಸಲ ಕೆಂಪಿಗೆ, ಒಂದು ಸಲ ಕಪ್ಪಿಗೆ.

ಕುದೂರಿನಲ್ಲಿರುವ ನನ್ನ ಮನೆಗೆ ಹೋಗುವ ಬಸ್ಸು ಆ ಕಾರ್ಖಾನೆಯ ಮುಂದೆಯೇ ಹಾದುಹೋಗುತ್ತದೆ. ನೆಟ್ಟಗೆ ಬಂದ ಕಾಂಪೌಂಡು ದಕ್ಷಿಣದ ಕೊನೆಯಲ್ಲಿ ಹತ್ತು ಅಡಿ ಒಳಕ್ಕೆ ಸರಿದು ನಿಂತಿದೆ. ಆ ದಾರಿಯ ತುದಿಗೆ ಚಪ್ಪಡಿ ಕಲ್ಲು ಕಾಣುತ್ತದೆ. ಒಂದು ಸೋಮವಾರ ಅಲ್ಲಿಳಿದು ನೋಡಲು ಹೋಗಿದ್ದೆ. ಅಮ್ಮ ದೀಪ ಹಚ್ಚುತ್ತಿದ್ದರು. ಮಕ್ಕಳು ಮೊಮ್ಮಕ್ಕಳ ಹೆಸರು ಹೇಳಿ ಚೆನ್ನಾಗಿ ನೋಡಿಕೋ ಅಂತ ಯಜಮಾನರಿಗೆ ಒಪ್ಪಿಸುತ್ತಿದ್ದರು. ನನ್ನ ಹೆಸರೂ ಬಂತು, ಟೈಪಿಸ್ಟ್ ಅಣ್ಣನ ಹೆಸರೂ ಬಂತು. ಕೊನೆಗೆ, ನಾಲಿಗೆ ಸರಿಯಾಗಿ ಹೊರಳದ, ಪಟ್ಟಣದ ಹೆಣ್ಣುಮಕ್ಕಳಿಗೆ ಇಡುವಂಥ ಒಂದು ಹೆಸರನ್ನು ನಿಧಾನವಾಗಿ ಬಿಡಿಸಿ ಬಿಡಿಸಿ ಹೇಳಿದರು. ಒಂದೇ ಒಂದು ಸಲ ದೂರದಿಂದ ಕಂಡಿದ್ದ ಆ ಕನ್ನಡಕದ ವಕೀಲೆಯ ಹೆಸರು ಅದು.